ಕಾರ್ನರ್ ಮನೆಯ ಹಳದಿ ಕೆಂಪು ಬಾವುಟ

ನವೆಂಬರಿನ ಮೊದಲ ಶನಿವಾರ ಗ್ರೋಸರಿ ಮುಗಿಸಿ ಕಾರನ್ನು ನಮ್ಮ ಬೀದಿಗೆ ತಿರುಗಿಸಿದೆ. ಕಾರ್ನರ್ ಮನೆಯ ಮುಂದೆ ಎರಡು ಬಾವುಟ ಹಾರಾಡುತ್ತಿದ್ದವು. ಒಂದು ಹಳದಿ. ಇನ್ನೊಂದು ಕೆಂಪು.

ಗಕ್ಕನೆ ಬ್ರೇಕ್ ಹಾಕಿದೆ. ಹಿಂದಿನ ಕಾರಿನವನು ಹಾರನ್ ಹೊಡೆದ. (ಅಮೆರಿಕಾದ ಈ ಪ್ಲೆಸೆಂಟನ್‌ನಲ್ಲಿ ಹಾರನ್ ಹೊಡೆಸಿಕೊಳ್ಳುವುದು ಅಷ್ಟು ಸುಲಭವಲ್ಲ. ಇಲ್ಲಿ ಹಾರನ್ ಅಂದರೆ ಬೈಗುಳ.) ನಾನು ಲೆಕ್ಕಿಸಲಿಲ್ಲ. ನವೆಂಬರ್ ತಿಂಗಳು, ಹಳದಿ, ಕೆಂಪು. ನೀವೇ ಹೇಳಿ, ಕನ್ನಡದವರಾಗಿ ಹುಟ್ಟಿದವರು ಇನ್ನೇನು ಅಂದುಕೊಳ್ಳಬೇಕು?

ನಮ್ಮ ಬೀದಿಯಲ್ಲಿ ತೆಲುಗರಿದ್ದಾರೆ, ತಮಿಳರಿದ್ದಾರೆ, ಪಂಜಾಬಿಗಳಿದ್ದಾರೆ, ಚೀನೀಯರಿದ್ದಾರೆ. ಕನ್ನಡದವರು ಅಂದರೆ ನಾವು ಮತ್ತು ಆ ಕಾರ್ನರ್ ಮನೆಗೆ ಎದುರಿರುವ ಪಾಟೀಲರು, ಅಷ್ಟೇ. ಈಗ ಮೂರನೆಯವರು ಬಂದಿದ್ದಾರೆ! ಬಂದವರು ನಮ್ಮ ಹಾಗೆ ಮೆತ್ತಗಿನವರಲ್ಲ. ಗಾರ್ಡನ್ನಿನಲ್ಲಿ ಬಿದಿರಿನ ಗಳು ನೆಟ್ಟು ಬಾವುಟ ಹಾರಿಸುವಷ್ಟು ಗಟ್ಟಿಗರು. ನನಗೆ ಖುಷಿಯೂ ಆಯಿತು, ಒಂದು ಚೂರು ಹೊಟ್ಟೆಕಿಚ್ಚೂ ಆಯಿತು.

ಕಾರಿನಲ್ಲೇ ಕೂತು ಫೋಟೊ ತೆಗೆದೆ. ಬೇ ಏರಿಯಾ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಕನ್ನಡಿಗರ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. 'ನಮ್ಮ ಬೀದಿಯಲ್ಲಿ ಕನ್ನಡ ಬಾವುಟ!'

ಮನೆ ಮುಟ್ಟುವಷ್ಟರಲ್ಲಿ ಗುಂಪು ಕುದಿಯುತ್ತಿತ್ತು. ಚಪ್ಪಾಳೆ, ಹೃದಯ, ಮತ್ತೆ ಚಪ್ಪಾಳೆ. ಕ್ಯಾಂಪ್‌ಬೆಲ್‌ನ ಒಬ್ಬರು 'ರೋಮಾಂಚನವಾಯಿತು' ಅಂತ ಬರೆದರು. ಎದುರುಮನೆಯ ಪಾಟೀಲರು ಮಾತ್ರ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು ಅವರದೂ ಒಂದು ಮೆಸೇಜು: 'ಸಿರಿಗನ್ನಡಂ ಗೆಲ್ಗೆ.' ಹುಬ್ಬಳ್ಳಿಯ ಮನುಷ್ಯ, ಬರೆದ ಮೆಸೇಜಿನಲ್ಲೂ ಗಂಟಲು ಕೇಳಿಸುತ್ತದೆ. ಆದರೆ ಅಷ್ಟು ತಡ ಯಾಕೆ? ಅದು ಆಮೇಲೆ ತಿಳಿಯಿತು.

'ಅಮ್ಮಾ, ವೈ ಡಿಡಂಟ್ ಯು ಜಸ್ಟ್ ಆಸ್ಕ್ ದೆಮ್ ಫಸ್ಟ್?' ಅಂತ ಮಗಳು ಮೇಘಾ ಕೇಳಿದಳು.

'ಕೇಳೋದೇನಿದೆ? ಕಣ್ಣಿಗೆ ಕಾಣ್ತಿದೆಯಲ್ಲ' ಅಂದೆ. ದೀಪಾವಳಿಗೆ ಮಾಡಿದ್ದ ಕಜ್ಜಾಯ ಇನ್ನೂ ಮಿಕ್ಕಿತ್ತು. ಡಬ್ಬಿಗೆ ಹಾಕಿಕೊಂಡು ಹೊರಟೆ.

ಬಾಗಿಲು ತೆಗೆದವರು ಎಪ್ಪತ್ತು ದಾಟಿದ ಹೆಂಗಸು. ಹೂವಿನ ಪ್ರಿಂಟಿನ ಫ್ರಾಕು, ತಲೆಯ ಮೇಲೆ ಬಿಳಿ ದುಪಟ್ಟಾ, ಕೈತುಂಬ ಚಿನ್ನದ ದಪ್ಪ ಬಳೆ. ಮುಖ ನೋಡಿದರೆ ನಮ್ಮ ಕಡೆಯ ಯಾರದೋ ಸೋದರತ್ತೆ.

'ನಮಸ್ಕಾರ! ಕನ್ನಡದವರಾ?' ಅಂದೆ, ಹಲ್ಲೆಲ್ಲ ಬಿಟ್ಟು.

'ನಮಸ್ತೆ ಡಾರ್ಲಿಂಗ್. ಏನು ಹೇಳಿದೆಯೋ ಒಂದಕ್ಷರ ತಿಳೀಲಿಲ್ಲ. ಆದರೆ ಕೈಯಲ್ಲಿ ಡಬ್ಬಿ ಇದೆ, ಒಳಗೆ ಬಾ' ಅಂದರು. ಇಂಗ್ಲಿಷು. ಅದೂ ಎಂಥ ಇಂಗ್ಲಿಷು! ಪ್ರತಿ ವಾಕ್ಯದ ಕೊನೆ ಉಯ್ಯಾಲೆಯ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಈ ರಾಗವನ್ನು ಎಲ್ಲೋ ಕೇಳಿದ್ದೇನಲ್ಲ ಅಂದುಕೊಂಡೆ. ಹೊಳೆಯಿತು. ಚಿಕ್ಕವಳಿದ್ದಾಗ ಮೈಸೂರಿನ ಮನೆಯಲ್ಲಿ ಅಣ್ಣ ಕಿವಿಗೆ ರೇಡಿಯೊ ಒತ್ತಿಕೊಂಡು ಕೇಳುತ್ತಿದ್ದ ಕ್ರಿಕೆಟ್ ಕಾಮೆಂಟರಿ.

ಅವರ ಹೆಸರು ಕಮ್ಲಾ. ಮಗಳು ನಲಿನಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ದಿನಾ ಅರ್ಧ ಆಯುಸ್ಸು ಫ್ರೀವೇಯಲ್ಲಿ ಕಳೆಯುತ್ತಾಳೆ. ಇವರ ಊರು ಟ್ರಿನಿಡಾಡ್.

ಟ್ರಿನಿಡಾಡ್! ಮದುವೆಯಾಗುವ ತನಕ ವೆಸ್ಟ್ ಇಂಡೀಸ್ ಅನ್ನುವುದು ಒಂದು ದೇಶ ಅಂತ ನಂಬಿದ್ದವಳು ನಾನು. (ನಗಬೇಡಿ. ನಿಮ್ಮಲ್ಲೂ ಅರ್ಧ ಜನ ಹಾಗೇ ನಂಬಿದ್ದೀರಿ.) ಟಾಸ್ ಗೆದ್ದು ಬ್ಯಾಟ್ ಮಾಡುವ ಒಂದು ದೇಶ, ಅದಕ್ಕೊಂದು ಪ್ರಧಾನಿ, ಒಂದು ರಾಜಧಾನಿ ಅಂತ. ಅದು ಟ್ರಿನಿಡಾಡಿನಂಥ ಹತ್ತಾರು ಕಡೆಯವರು ಸೇರಿ ಕಟ್ಟಿಕೊಂಡ ಒಂದು ತಂಡ ಅಂತ ಹೇಳಿಕೊಟ್ಟವರು ನನ್ನ ಗಂಡ ಶ್ರೀಧರ, ಅದೂ ಹನಿಮೂನಿನಲ್ಲಿ.

ಕಮ್ಲಾ ಆಂಟಿಯ ದೇಶದ ಪೂರ್ತಿ ಹೆಸರು ಟ್ರಿನಿಡಾಡ್ ಅಂಡ್ ಟೊಬೇಗೊ. ಎರಡು ದ್ವೀಪ. ದೊಡ್ಡದು ಟ್ರಿನಿಡಾಡ್, ದಕ್ಷಿಣ ಅಮೆರಿಕಾದ ವೆನೆಜುವೆಲಾಕ್ಕೆ ಕೂಗಳತೆಯಲ್ಲಿದೆ. ಪುಟ್ಟ ಟೊಬೇಗೊ ಟೂರಿಸ್ಟುಗಳ ಬೀಚಿಗೆ. ಮೊದಲು ಸ್ಪೇನಿನವರು ಆಳಿದರು, ಫ್ರೆಂಚರು ಬಂದು ತೋಟ ಮಾಡಿದರು, ಕೊನೆಗೆ ಬ್ರಿಟಿಷರು ಕಿತ್ತುಕೊಂಡರು. ತೋಟದಲ್ಲಿ ದುಡಿಯುವುದಕ್ಕೆ ಆಫ್ರಿಕಾದವರನ್ನು ಗುಲಾಮರಾಗಿ ತಂದರು. ಗುಲಾಮಗಿರಿ ಕಾನೂನಿನಲ್ಲಿ ನಿಂತಿತು, ಕಬ್ಬು ಮಾತ್ರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಹಾಗಾಗಿ ಐದು ವರ್ಷದ ಕರಾರು ಬರೆಸಿಕೊಂಡು ಕಲ್ಕತ್ತಾದಿಂದ ಹಡಗುಗಟ್ಟಲೆ ನಮ್ಮವರನ್ನು ಸಾಗಿಸಿದರು. ಮದ್ರಾಸಿನಿಂದಲೂ ಒಂದಷ್ಟು ಮಂದಿ.

ಈಗ ಅಲ್ಲಿ ಭಾರತದ ಮೂಲದವರು, ಆಫ್ರಿಕಾದ ಮೂಲದವರು ಹೆಚ್ಚುಕಡಿಮೆ ಸಮಸಮ. ಎರಡೂ ಬೆರೆತವರು ಬೇರೆ. ದೀಪಾವಳಿಗೂ ಸರ್ಕಾರಿ ರಜ, ರಂಜಾನಿಗೂ ರಜ, ಕ್ರಿಸ್‌ಮಸ್ಸಿಗೂ ರಜ. ಎಲ್ಲರ ಹಬ್ಬಕ್ಕೂ ಎಲ್ಲರ ಮನೆಯಲ್ಲೂ ಊಟ. ಚುನಾವಣೆ ಬಂದಾಗ ಮಾತ್ರ ನಿನ್ನವರು ನನ್ನವರು ಅಂತ ಲೆಕ್ಕ ಶುರುವಾಗುತ್ತದಂತೆ. 'ಅದು ಮುಗಿದ ಮೇಲೆ ಕಾರ್ನಿವಲ್ ಬರುತ್ತೆ, ಮತ್ತೆ ಎಲ್ಲ ಒಟ್ಟಿಗೆ ಕುಣೀತಾರೆ' ಅಂದರು ಆಂಟಿ.

ಕಬ್ಬಿನ ಕಾಲ ಹೋಯಿತು, ಸಕ್ಕರೆ ಕಾರ್ಖಾನೆ ಮುಚ್ಚಿದವು. ಈಗ ದೇಶ ನಡೆಯುವುದು ಎಣ್ಣೆ ಮತ್ತು ಗ್ಯಾಸಿನ ಮೇಲೆ. ಕಮ್ಲಾ ಆಂಟಿಯ ಗಂಡ ಇದ್ದದ್ದೂ ಎಣ್ಣೆ ಕಂಪನಿಯಲ್ಲೇ. ಎಣ್ಣೆಯ ಖಾಲಿ ಡ್ರಮ್ಮನ್ನು ಕತ್ತರಿಸಿ, ಬಡಿದು, ಸ್ಟೀಲ್‌ಪ್ಯಾನ್ ಅನ್ನುವ ವಾದ್ಯ ಮಾಡಿಕೊಂಡಿದ್ದಾರೆ. ಇನ್ನೊಂದು ವಿಷಯ, ಅಲ್ಲಿ ಡಾಂಬರಿನ ಕೆರೆ ಇದೆ. ನಿಜವಾದ ಕೆರೆ, ನೀರಿನ ಬದಲು ಡಾಂಬರು, ಮೇಲೆ ನಡೆದಾಡಬಹುದು. ಅಗೆದಷ್ಟೂ ಮತ್ತೆ ತುಂಬಿಕೊಳ್ಳುತ್ತದಂತೆ. (ಬೆಂಗಳೂರಿನ ಕಾರ್ಪೊರೇಟರುಗಳ ಗಮನಕ್ಕೆ.)

ಆಂಟಿ ನನ್ನ ಕಜ್ಜಾಯ ತಿಂದು, 'ಇದಕ್ಕೆ ಏಲಕ್ಕಿ ಇನ್ನೊಂದು ಚೂರು ಬೇಕಿತ್ತು' ಅಂದರು. ಆಮೇಲೆ ಅವರದನ್ನು ತಂದಿಟ್ಟರು. ಎರಡು ಮೆತ್ತನೆಯ ಸಣ್ಣ ಪೂರಿ, ಮಧ್ಯೆ ಖಾರದ ಕಾಬೂಲ್ ಕಡಲೆ ಪಲ್ಯ. ಡಬಲ್ಸ್ ಅಂತ ಹೆಸರು. ಬೆಳಿಗ್ಗೆ ಆಫೀಸಿಗೆ ಹೋಗುವ ಮಂತ್ರಿಯೂ ಬಸ್ ಡ್ರೈವರೂ ಒಂದೇ ಗಾಡಿಯ ಮುಂದೆ ನಿಂತು ತಿನ್ನುತ್ತಾರಂತೆ. ನಾನೂ ನಿಂತೇ ತಿಂದೆ.

ಭಾಷೆ? ಅಜ್ಜಿಯ ಕಾಲಕ್ಕೆ ಭೋಜಪುರಿ ಇತ್ತು. ಈಗ ಮದುವೆ ಹಾಡುಗಳಲ್ಲಿ ಮಾತ್ರ ಉಳಿದಿದೆ. ಹಾಡಲು ಬರುತ್ತದೆ, ಅರ್ಥ ಬರುವುದಿಲ್ಲ. ಕನ್ನಡ ಸಂಘದ ಸ್ಟೇಜಿನ ಮೇಲೆ ನಮ್ಮ ಮಕ್ಕಳು ದೇವರನಾಮ ಹಾಡುತ್ತವಲ್ಲ, ಅದೇ ಕತೆ.

ಇಷ್ಟೆಲ್ಲ ಆದಮೇಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ನಮ್ಮವರು ಯಾರನ್ನು ಕಂಡರೂ ಕೇಳುವ ಆ ಪ್ರಶ್ನೆಯನ್ನು ನಾನೂ ಕೇಳಿದೆ. 'ಇಂಡಿಯಾದಲ್ಲಿ ನಿಮ್ಮದು ಯಾವ ಊರು? ಯಾವ ಜನ?'

'ಯಾರಿಗೆ ಗೊತ್ತು?' ಅಂದರು ಆಂಟಿ. 'ನಮಗೆ ಹಡಗು ಗೊತ್ತು, ಅಷ್ಟೇ. ಒಂದು ಹಡಗಲ್ಲಿ ಬಂದವರೆಲ್ಲ ಜಹಾಜಿ ಭಾಯಿ, ಜಹಾಜಿ ಬೆಹೆನ್. ನಮ್ಮಜ್ಜಿ ತನ್ನ ಹಡಗಿನವರ ಮನೆಗೆ ನಮ್ಮನ್ನ ಮದುವೆ ಮಾಡಿ ಕೊಡ್ತಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳಾಗ್ತಾರೆ ಅಂತ.' ಕಜ್ಜಾಯದ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡು ಕೇಳಿದರು, 'ನೀನು ವಿಮಾನದಲ್ಲಿ ಬಂದೆಯಲ್ಲ, ನಿನ್ನ ವಿಮಾನದವರೆಲ್ಲ ಈಗ ಎಲ್ಲಿದ್ದಾರೆ?'

ನಕ್ಕುಬಿಟ್ಟೆ. ಅವರು ನಗಲಿಲ್ಲ. ನಿಜವಾಗಿಯೇ ಕೇಳಿದ್ದರು.

ಹೊರಡುವಾಗ ಬಾವುಟದ ವಿಷಯ ಕೇಳಿದೆ. ಅದರ ಹೆಸರು ಝಂಡಿ. ಮನೆಯಲ್ಲಿ ಪೂಜೆ ಆದಮೇಲೆ ಬಿದಿರಿಗೆ ಬಟ್ಟೆ ಕಟ್ಟಿ ಅಂಗಳದಲ್ಲಿ ನೆಡುತ್ತಾರೆ. ಕೆಂಪು ಹನುಮಂತನದು, ಹಳದಿ ದುರ್ಗೆಯದು. ಟ್ರಿನಿಡಾಡಿನ ಹಳ್ಳಿಗಳಲ್ಲಿ ಝಂಡಿ ನೋಡಿದರೆ ಸಾಕು, ಇದು ಹಿಂದೂಗಳ ಮನೆ ಅಂತ ದೂರದಿಂದಲೇ ತಿಳಿಯುತ್ತದೆ. ನೆಡುವಾಗ ಗುಂಡಿಯೊಳಗೆ ಅಕ್ಕಿ, ಹೂವು ಹಾಕುತ್ತಾರೆ. ಒಂದೇ ಒಂದು ಕಟ್ಟಳೆ. ನೆಟ್ಟದ್ದನ್ನು ಕೀಳುವಂತಿಲ್ಲ. ಬಿಸಿಲಿಗೆ ಬಣ್ಣ ಹೋಗಬೇಕು, ಗಾಳಿಗೆ ಬಟ್ಟೆ ಹರಿಯಬೇಕು, ಬಿದಿರು ತಾನಾಗಿ ಕೊಳೆತು ಬೀಳಬೇಕು.

'ಊರಿನ ಮನೆ ಮಾರಿ ಬಂದೆ' ಅಂದರು. 'ನಲಿನಿಗೆ ಹೇಳಿದೆ, ನಿನ್ನ ಮನೆ ಮುಂದೆ ಝಂಡಿ ನಿಂತರೆ ನಾನೂ ಇಲ್ಲೇ ನಿಲ್ಲುತ್ತೀನಿ. ಯಾರಾದರೂ ಕಿತ್ತರೆ ನಾನು ಟೊರಾಂಟೊದ ತಂಗಿ ಮನೆಗೆ ಹೊರಟೆ. ಕಿತ್ತ ಜಾಗದಲ್ಲಿ ನಾನು ಮಲಗೋದಿಲ್ಲ.'

ಅದು ತಮಾಷೆಯ ಮಾತಲ್ಲ ಅಂತ ನನಗೆ ಅವರ ಮುಖದಲ್ಲೇ ಗೊತ್ತಾಯಿತು.

ಬುಧವಾರ ಸಂಜೆ ಶ್ರೀಧರ ಊಟಕ್ಕೆ ಕೂತವರು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಇವರು ನಮ್ಮ ಎಚ್‌ಒಎ ಕಮಿಟಿಯ ಮೆಂಬರು. ಎಚ್‌ಒಎ ಅಂದರೆ ಮನೆ ಮಾಲೀಕರ ಸಂಘ. ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಹಾಗೆ, ಜಗಳ ಕಮ್ಮಿ, ಇಮೇಲು ಜಾಸ್ತಿ. ನಿಮ್ಮ ಬಾಗಿಲಿಗೆ ಯಾವ ಬಣ್ಣ, ಕಸದ ಡಬ್ಬಿ ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು, ಎಲ್ಲ ಅವರೇ ತೀರ್ಮಾನಿಸುತ್ತಾರೆ. ಮನೆ ಮಾತ್ರ ನಿಮ್ಮದು.

'ಕಾರ್ನರ್ ಮನೆ ಮೇಲೆ ಕಂಪ್ಲೇಂಟ್ ಬಂದಿದೆ' ಅಂದರು.

'ಬಾವುಟಕ್ಕಾ?'

'ಬಾವುಟಕ್ಕೆ ಅಲ್ಲ. ಬಾವುಟ ಹಾರಿಸೋದು ಅವರ ಹಕ್ಕು. ಕಂಬಕ್ಕೆ. ಮುಂದಿನ ಹುಲ್ಲಿನ ಪಟ್ಟಿ ಸಂಘದ್ದು, ಅಲ್ಲಿ ಅನುಮತಿ ಇಲ್ಲದೆ ಏನೂ ನೆಡೋ ಹಾಗಿಲ್ಲ. ಗೋಡೆಗೆ ಬ್ರ್ಯಾಕೆಟ್ ಹಾಕಿ ಬೇಕಾದ್ರೆ ಅಲ್ಲಿ ಸಿಗಿಸಿಕೊಳ್ಳಲಿ.'

'ನೆಲದಲ್ಲಿ ಊರದೇ ಇದ್ರೆ ಅದು ಝಂಡಿನೇ ಅಲ್ವಂತೆ.'

'ಅದನ್ನ ರೂಲ್‌ಬುಕ್ಕಿಗೆ ಹೇಳು' ಅಂದು ಶ್ರೀಧರ ಅನ್ನ ಕಲೆಸಿದರು.

ಇಷ್ಟರಲ್ಲಿ ಗುಂಪಿನಲ್ಲಿ ಏನಾಗಿತ್ತು ಗೊತ್ತೇ? ಅದು ಕನ್ನಡ ಬಾವುಟ ಅಲ್ಲ ಅಂತ ನಾನಿನ್ನೂ ಬರೆದಿರಲಿಲ್ಲ. ಇವತ್ತು ಬರೆಯೋಣ, ನಾಳೆ ಬರೆಯೋಣ ಅಂತ. ಅಷ್ಟು ಚಪ್ಪಾಳೆ ಬಿದ್ದಮೇಲೆ ಯಾರಿಗೆ ಮನಸ್ಸು ಬರುತ್ತದೆ? ಕಂಪ್ಲೇಂಟಿನ ಸುದ್ದಿ ಹೇಗೋ ಸೋರಿತು. (ಹೇಗೋ ಏನು, ನನ್ನಿಂದಲೇ.) ಸೋರಿದ್ದೇ ತಡ, ಬೆಂಕಿ ಹತ್ತಿಕೊಂಡಿತು. ಕನ್ನಡ ಬಾವುಟ ಕೀಳಿಸಲು ಇವರು ಯಾರು? ಪಾಟೀಲರಂತೂ ಒಂದು ಅರ್ಜಿಯನ್ನೇ ಬರೆದು ಹಾಕಿದರು. ಇಂಗ್ಲಿಷಿನಲ್ಲಿ, ಸಂಸ್ಕೃತಿ, ಪರಂಪರೆ, ಎರಡು ಸಾವಿರ ವರ್ಷದ ಭಾಷೆ, ಎಲ್ಲ ಇತ್ತು. ಫ್ರೀಮಾಂಟಿನವರು, ಸ್ಯಾನ್ ಹೊಸೆಯವರು, ನಮ್ಮ ಬೀದಿಯನ್ನು ಕನಸಿನಲ್ಲೂ ಕಾಣದವರು ಸಹಿ ಹಾಕತೊಡಗಿದರು.

ಇನ್ನು ತಡೆದರೆ ಉಳಿಗಾಲವಿಲ್ಲ ಅನ್ನಿಸಿತು. ಬರೆದೆ. 'ಕ್ಷಮಿಸಿ, ಅದು ಕನ್ನಡ ಬಾವುಟವಲ್ಲ. ಆ ಮನೆಯವರು ಟ್ರಿನಿಡಾಡಿನವರು. ಅದು ಅವರ ಪೂಜೆಯ ಬಾವುಟ. ಆದರೂ ನಾವು ಅರ್ಜಿ ಕೊಡೋಣವೇ?'

ಗುಂಪು ತಣ್ಣಗಾಯಿತು.

ಒಬ್ಬರು 'ಓ, ಓಕೆ' ಅಂದರು. ಇನ್ನೊಬ್ಬರು ಕೈಮುಗಿದ ಚಿತ್ರ ಹಾಕಿದರು. ಕ್ಯಾಂಪ್‌ಬೆಲ್‌ನ ರೋಮಾಂಚನದವರು 'ರೂಲ್ಸ್ ಆರ್ ರೂಲ್ಸ್ ಅಲ್ವಾ' ಅಂತ ಬರೆದರು. ಅರ್ಜಿ ಇದ್ದ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಬಂತು. ಎರಡು ಸಾವಿರ ವರ್ಷದ ಪರಂಪರೆ ಒಂದು ಬೆರಳಿಗೆ ಹೋಯಿತು.

ಅದೇ ಬಟ್ಟೆ. ಅದೇ ಬಿದಿರು. ಬೆಳಿಗ್ಗೆ ಪ್ರಾಣ ಕೊಡಲು ತಯಾರಿದ್ದವರು ಸಂಜೆಗೆ ರೂಲ್ಸ್ ಓದುತ್ತಿದ್ದರು. ಬೇರೆಯವರನ್ನು ಅನ್ನುವುದೇಕೆ? ಅದು ಕನ್ನಡ ಬಾವುಟವಾಗಿದ್ದರೆ ನಾನು 'ಕೊಡೋಣವೇ' ಅಂತ ಕೇಳುತ್ತಿದ್ದೆನೇ?

ಈಗ ಇನ್ನೊಂದು ವಿಷಯ. ಕಂಪ್ಲೇಂಟು ಕೊಟ್ಟವರ ಹೆಸರು ಗುಟ್ಟು. ಶ್ರೀಧರ ಬಾಯಿ ಬಿಡುವವರಲ್ಲ. ಆದರೆ ಕಂಪ್ಲೇಂಟಿನ ಜೊತೆ ಬಂದ ಫೋಟೊವನ್ನು ಸಂಘದವರು ಮೀಟಿಂಗಿನ ಅಜೆಂಡಾದ ಜೊತೆ ಎಲ್ಲರಿಗೂ ಕಳಿಸಿದ್ದರು. ಮೇಲಿನ ಮಹಡಿಯ ಕಿಟಕಿಯಿಂದ ತೆಗೆದ ಫೋಟೊ. ನಡುವೆ ಬಾವುಟಗಳು. ಕೆಳಗಂಚಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಒಣಗಲು ಇಟ್ಟ ಒಂದು ತಟ್ಟೆ ಮಜ್ಜಿಗೆ ಮೆಣಸಿನಕಾಯಿ.

ಕಾರ್ನರ್ ಮನೆಯ ಎದುರಿಗೆ ಮಜ್ಜಿಗೆ ಮೆಣಸಿನಕಾಯಿ ಒಣಗಿಸುವ ಮನೆ ಎಷ್ಟಿದ್ದಾವು?

ಪಾಟೀಲರು ದಿನಾ ಸಂಜೆ ವಾಕ್ ಹೋಗುತ್ತಾರೆ. ನಾನೂ ಹೋದೆ. ಪಾರ್ಕಿನ ತಿರುವಿನಲ್ಲಿ ಸಿಕ್ಕರು. ಫೋಟೊ ತೋರಿಸಿದೆ. ಮೆಣಸಿನಕಾಯಿ ನೋಡಿ ಅವರ ಮುಖ ಇಳಿಯಿತು.

'ಸುಮಾ ಅವರ, ನಾ ಅದನ್ನ ಯಾವುದೋ ಪಕ್ಷದ ಬಾವುಟ ಅನ್ಕೊಂಡೆ ನೋಡ್ರಿ' ಅಂದರು. 'ಊರಾಗಿನ ಜಗಳ ಇಲ್ಲಿ ಯಾಕ ತರ್ತಾರ ಇವ್ರು ಅಂತ ಸಿಟ್ಟು ಬಂತು. ಶನಿವಾರ ಮುಂಜಾನೆ ಎದ್ದಾವನ ಬರದ ಒಗದೆ.'

'ಆಮೇಲೆ ನನ್ನ ಮೆಸೇಜು ಬಂತು.'

'ಹೂಂ. ಕನ್ನಡದ್ದು ಅಂದ್ರಿ. ನಂದ ಕಂಪ್ಲೇಂಟು, ನಂದ ಅರ್ಜಿ ಆತು.'

'ಈಗ?'

'ಈಗ ಅದು ನಮ್ದ ಅಲ್ಲಲ್ರಿ. ನಾ ಯಾಕ ನಡುವ ಹೋಗ್ಲಿ?'

'ಕೆಂಪು ಬಾವುಟ ಯಾರದು ಗೊತ್ತಾ ಪಾಟೀಲರೇ? ಹನುಮಂತನದು.'

ಪಾಟೀಲರು ನಿಂತಲ್ಲೇ ನಿಂತರು. ನಿಮಗೆ ಗೊತ್ತಿರಬೇಕು, ಅವರ ಕಡೆ ಹನುಮಪ್ಪನ ಗುಡಿಯಿಲ್ಲದ ಊರಿಲ್ಲ. ಈ ಮನುಷ್ಯ ಇವತ್ತಿಗೂ ಶನಿವಾರ ಒಪ್ಪತ್ತು ಮಾಡುತ್ತಾರೆ. ಕಂಪ್ಲೇಂಟು ಬರೆದದ್ದೂ ಶನಿವಾರವೇ.

'ಮೊದಲ ಹೇಳಬಾರದೇನ್ರಿ' ಅಂದರು, ಬಹಳ ಸಣ್ಣ ದನಿಯಲ್ಲಿ.

ಅವತ್ತೇ ರಾತ್ರಿ ಕಂಪ್ಲೇಂಟು ವಾಪಸ್ ಮಾಡಲು ನೋಡಿದರಂತೆ. ಆಗಲಿಲ್ಲ. ಒಮ್ಮೆ ದಾಖಲಾದರೆ ಅದು ಸಂಘದ ಸ್ವತ್ತು, ಮೀಟಿಂಗಿನಲ್ಲೇ ಇತ್ಯರ್ಥವಾಗಬೇಕು. ಬಿಟ್ಟ ಬಾಣ.

ಮೀಟಿಂಗು ಡಿಸೆಂಬರಿನಲ್ಲಿ, ಕ್ಲಬ್‌ಹೌಸಿನಲ್ಲಿ, ಸಂಜೆ. ಮಡಚುವ ಕುರ್ಚಿಗಳು, ಕಾಫಿ, ಪ್ಲಾಸ್ಟಿಕ್ಕಿನ ಕ್ರಿಸ್‌ಮಸ್ ಮರ. ಸಂಘದ ಅಧ್ಯಕ್ಷ ಗ್ಯಾರಿ, ರಿಟೈರಾದ ಎಂಜಿನಿಯರು, ಒಳ್ಳೆಯ ಮನುಷ್ಯ, ನಿಯಮ ಓದುವಾಗ ಮಾತ್ರ ಕನ್ನಡಕ ಹಾಕಿಕೊಳ್ಳುತ್ತಾನೆ. ಕಮಿಟಿಯಲ್ಲಿ ಗ್ಯಾರಿ ಸೇರಿ ಐದು ಜನ. ಅದರಲ್ಲಿ ಮೂವರು ನಮ್ಮವರು: ಶ್ರೀಧರ, ಒಬ್ಬರು ತೆಲುಗಿನವರು, ಒಬ್ಬರು ಪಂಜಾಬಿ. ಉಳಿದ ಒಬ್ಬಾಕೆ ಚೀನಾದವಳು.

ನಲಿನಿ ಲ್ಯಾಬಿನಿಂದ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ಅಮ್ಮ ಟೊರಾಂಟೊಗೆ ಟಿಕೆಟ್ ನೋಡಿಸಿಯಾಗಿದೆ ಅಂತ ನನ್ನ ಕಿವಿಯಲ್ಲಿ ಹೇಳಿದಳು. 'ಅವಳು ಹೋದರೆ ತಿರುಗಿ ಬರೋದಿಲ್ಲ. ನನಗೆ ಗೊತ್ತು.' ಕಮ್ಲಾ ಆಂಟಿ ಬಿಳಿ ದುಪಟ್ಟಾ ಹೊದ್ದು ಮೊದಲ ಸಾಲಿನಲ್ಲಿ ಕೂತಿದ್ದರು. ಪಾಟೀಲರು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ.

ಗ್ಯಾರಿ ನಿಯಮ ಓದಿದ. ಗೋಡೆಯ ಬ್ರ್ಯಾಕೆಟ್ಟಿನ ಸಲಹೆ ಕೊಟ್ಟ. ಅದರ ಖರ್ಚು ಸಂಘವೇ ಕೊಡುತ್ತದೆ ಅಂತಲೂ ಹೇಳಿದ. ಆಮೇಲೆ ಆಂಟಿಯ ಕಡೆ ತಿರುಗಿ, ನೀವೇನಾದರೂ ಹೇಳುತ್ತೀರಾ ಅಂತ ಕೇಳಿದ.

ಆಂಟಿ ಎದ್ದರು. ದನಿ ಏರಿಸಲಿಲ್ಲ.

'ಊರಲ್ಲಿ ನನ್ನ ಗಂಡ ಸಾಯೋ ಮೊದಲು ನೆಟ್ಟ ಝಂಡಿ ಇನ್ನೂ ನಿಂತಿದೆ. ಆ ಮನೆಯನ್ನ ನಾನು ಮಾರಿದೆ. ಕೊಂಡವರು ಚರ್ಚಿಗೆ ಹೋಗೋರು, ಕಪ್ಪು ಜನ, ನಮ್ಮವರಲ್ಲ. ಹೊರಡುವ ದಿನ ನಾನು ಅವರಿಗೆ ಹೇಳಿದೆ, ಇನ್ನು ಜಾಗ ನಿಮ್ಮದು, ನಿಮಗೆ ಬೇಡದಿದ್ದರೆ ಕಿತ್ತುಬಿಡಿ, ನಾನು ಬೇಜಾರು ಮಾಡಿಕೊಳ್ಳೋದಿಲ್ಲ. ಆ ಮನೆಯ ಹೆಂಗಸು ಏನಂದಳು ಗೊತ್ತಾ? ಆಂಟಿ, ಅದು ತಾನಾಗಿ ಬೀಳುತ್ತೆ ಅಲ್ವಾ, ಬೀಳೋವರೆಗೂ ಇರಲಿ ಅಂದಳು. ಮೊನ್ನೆ ಫೋಟೊ ಕಳಿಸಿದ್ದಾಳೆ. ಅದರ ಸುತ್ತ ಹುಲ್ಲು ಕೂಡ ಕತ್ತರಿಸಿದ್ದಾಳೆ.'

ಅಷ್ಟು ಹೇಳಿ ಕೂತರು. ಯಾರ ಮೇಲೂ ಆರೋಪವಿಲ್ಲ. ಗ್ಯಾರಿ ಕನ್ನಡಕ ತೆಗೆದು ಒರೆಸಿದ.

ಆದರೆ ನಿಯಮ ನಿಯಮ ತಾನೆ? ಮತಕ್ಕೆ ಹಾಕಿದರು. ಕಂಬ ನಿಯಮಕ್ಕೆ ವಿರುದ್ಧವೇ? ಐದೂ ಕೈ ಮೇಲೆದ್ದವು. ನನ್ನ ಗಂಡನದೂ. (ಆ ಕೈಗೆ ಮಾರನೆಯ ದಿನ ಕಾಫಿ ಸಿಗಲಿಲ್ಲ ಅನ್ನುವುದು ಬೇರೆ ಮಾತು.) ನಲಿನಿ ತಲೆ ತಗ್ಗಿಸಿದಳು.

'ಸರಿ' ಅಂದ ಗ್ಯಾರಿ. 'ಮನೆಯವರು ತಾವೇ ತೆಗೆಯುತ್ತಾರಾ?'

'ನನ್ನ ಕೈಯಿಂದ ಇಲ್ಲ' ಅಂದರು ಆಂಟಿ. 'ನನ್ನ ಮಗಳ ಕೈಯಿಂದಲೂ ಇಲ್ಲ.'

'ಹಾಗಾದರೆ ಸಂಘ ತೆಗೆಸಬೇಕಾಗುತ್ತೆ. ಗಾರ್ಡನ್ ನೋಡಿಕೊಳ್ಳೋರನ್ನ ಕೇಳಿದರೆ ಗಿಡ ಮಾತ್ರ ನಮ್ಮ ಕೆಲಸ ಅಂತಾರೆ. ದೊಡ್ಡ ಕೆಲಸವೇನಲ್ಲ. ಎರಡು ಬಿದಿರು. ಕಮಿಟಿಯವರೇ ಯಾರಾದರೂ ಹೋಗಿ ಮರ್ಯಾದೆಯಿಂದ ತೆಗೆದುಕೊಡಬಹುದಾ?'



ತೆಲುಗಿನವರು ಫೋನು ನೋಡಿಕೊಂಡರು. ಪಂಜಾಬಿ ಮಹಾಶಯರು, 'ಶನಿವಾರ ನಾನು ಊರಲ್ಲಿರೋದಿಲ್ಲ' ಅಂದರು. ಶನಿವಾರ ಅಂತ ಯಾರೂ ಹೇಳಿರಲಿಲ್ಲ. ಶ್ರೀಧರ ಮೇಜಿನ ಮೇಲೆ ಇಲ್ಲದ ಧೂಳು ಒರೆಸುತ್ತಿದ್ದರು. ಚೀನಾದಾಕೆ, 'ನಮ್ಮಲ್ಲಿ ಇಂಥವನ್ನ ಮುಟ್ಟೋದಿಲ್ಲ' ಅಂತ ನೇರವಾಗಿ ಹೇಳಿದಳು. ಇದ್ದವರಲ್ಲಿ ಧೈರ್ಯವಂತೆ ಅವಳೇ. ಎಲ್ಲರೂ ಗ್ಯಾರಿಯ ಕಡೆ ನೋಡಿದರು.

'ನನ್ನ ಬೆನ್ನು ಸರಿಯಿಲ್ಲ' ಅಂದ ಗ್ಯಾರಿ.

ನಿಯಮಕ್ಕೆ ಐದು ಕೈ ಎದ್ದವು, ಕೀಳುವುದಕ್ಕೆ ಒಂದೂ ಏಳಲಿಲ್ಲ. ವಿಷಯವನ್ನು ಮುಂದಿನ ಮೀಟಿಂಗಿಗೆ ಮುಂದೂಡಲಾಯಿತು.

ಹೊರಗೆ ಬಂದಾಗ ಚಳಿ. ಪಾಟೀಲರು ಯಾರ ಕಣ್ಣಿಗೂ ಬೀಳದೆ ಪಾರ್ಕಿಂಗಿನ ಕಡೆ ಜಾರುತ್ತಿದ್ದರು. ಕಮ್ಲಾ ಆಂಟಿ ಹಿಂದಿನಿಂದ ಕರೆದರು. 'ಎದುರುಮನೆಯವರಲ್ವಾ ನೀವು?'

ಪಾಟೀಲರು ನಿಂತರು.

'ಮೇಲಿನ ಕಿಟಕಿಯಿಂದ ನಮ್ಮ ಝಂಡಿ ಫೋಟೊ ತೆಗೆದಿರಲ್ಲ, ನಾನು ಕೆಳಗಿನಿಂದ ಕೈ ಬೀಸಿದೆ. ನೀವು ನೋಡಲಿಲ್ಲ.'

ಪಾಟೀಲರು ಜೇಬಿನಿಂದ ಕಾರಿನ ಕೀ ತೆಗೆದು ಮತ್ತೆ ಜೇಬಿಗೇ ಹಾಕಿಕೊಂಡರು. ನಾನು ಆಕಾಶ ನೋಡಿದೆ. ಆಂಟಿಗೆ ಎಲ್ಲವೂ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

'ಝಂಡಿ ನೆಡುವಾಗ ಬಿದಿರು ಹಿಡಿಯೋಕೆ ಒಬ್ಬರು ಬೇಕು' ಅಂದರು ಆಂಟಿ. 'ಊರಲ್ಲಿ ನನ್ನ ಗಂಡ ಹಿಡೀತಿದ್ದ. ಈ ಸಲ ನಲಿನಿ ಹಿಡಿದಳು, ಸ್ವಲ್ಪ ವಾಲಿದೆ. ಮುಂದಿನ ವರ್ಷ ನೀವು ಬಂದು ಹಿಡೀತೀರಾ?'

ಮುಂದಿನ ವರ್ಷ ಅಂದರು. ನಲಿನಿ ಅಮ್ಮನ ಕಡೆ ತಟ್ಟನೆ ತಿರುಗಿ ನೋಡಿದಳು. ಟೊರಾಂಟೊದ ಟಿಕೆಟ್ಟಿನ ಮಾತು ಆಮೇಲೆ ಏಳಲಿಲ್ಲ.

'ಹಿಡೀತೀನ್ರಿ' ಅಂದರು ಪಾಟೀಲರು. ಕನ್ನಡದಲ್ಲೇ. ಆಂಟಿ ತಲೆಯಾಡಿಸಿದರು, ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಇದಾಗಿ ತಿಂಗಳುಗಳಾದವು. ಪ್ರತಿ ಮೀಟಿಂಗಿನ ಅಜೆಂಡಾದ ಕೊನೆಯಲ್ಲಿ ಆ ವಿಷಯ ಇರುತ್ತದೆ, ಪ್ರತಿ ಸಲವೂ ಸಮಯವಿಲ್ಲ ಅಂತ ಮುಂದಕ್ಕೆ ಹೋಗುತ್ತದೆ. ಜನವರಿಯ ಗಾಳಿಮಳೆಗೆ ಗ್ಯಾರಿಯ ಬೇಲಿ ಬಿತ್ತು. ಬಿದಿರು ಇನ್ನಷ್ಟು ವಾಲಿತು, ಬೀಳಲಿಲ್ಲ. ಬಣ್ಣ ಮಾತ್ರ ಪೂರ್ತಿ ಹೋಗಿದೆ. ಹಳದಿ ಯಾವುದು, ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ. ಈಗ ಅದನ್ನು ನೋಡಿ ಯಾರಿಗೂ ರೋಮಾಂಚನವೂ ಇಲ್ಲ, ಸಿಟ್ಟೂ ಇಲ್ಲ. ಶನಿವಾರ ಬೆಳಿಗ್ಗೆ ಪಾಟೀಲರು ಅದರ ಮುಂದೆ ಹಾಯುವಾಗ ಚಪ್ಪಲಿ ಬಿಡುತ್ತಾರೆ. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಾರೆ.

ಮೊನ್ನೆ ಆಂಟಿ ಮತ್ತೆ ಕೇಳಿದರು, ನಿನ್ನ ವಿಮಾನದವರು ಯಾರಾದರೂ ಸಿಕ್ಕರಾ ಅಂತ. ಎಷ್ಟು ತಲೆ ಕೆರೆದುಕೊಂಡರೂ ನನಗೆ ಒಂದು ಮುಖವೂ ನೆನಪಾಗಲಿಲ್ಲ. ರಾತ್ರಿಯೆಲ್ಲ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಸಮುದ್ರ ದಾಟಿದ್ದೇವೆ.

ನಿಮಗಾದರೂ ನೆನಪಿದೆಯಾ, ನಿಮ್ಮ ಪಕ್ಕದ ಸೀಟಿನಲ್ಲಿ ಕೂತಿದ್ದವರ ಹೆಸರೇನು?